ಅಳೆಯುವ ಮೊದಲು ಅಳತೆಗೋಲನ್ನೇ ಪರೀಕ್ಷಿಸಿದವರು

ವಿರಾಜಪೇಟೆಯ ನಮ್ಮ ಓದಿನ ಗುಂಪಿನಲ್ಲಿ ಎದ್ದ ಪ್ರಶ್ನೆ ಇದು: ಪಾಂಡುಪಾರೆ ಎಂಬ ಪ್ರಾಚೀನ ಕಲ್ಲುಗೋರಿಯ ಚಪ್ಪಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ವಯಸ್ಸು ತಿಳಿಯುವುದೇ? ತಿಳಿಯದು. ಇಂಗಾಲ-14 ಎಂಬುದು ಇಂಗಾಲದ ವಿಕಿರಣಶೀಲ ರೂಪ; ಜೀವಿ ಸತ್ತ ಮೇಲೆ ಅದು ಗೊತ್ತಾದ ವೇಗದಲ್ಲಿ ಕಡಿಮೆಯಾಗುತ್ತಾ ಹೋಗುವುದರಿಂದ, ಉಳಿದದ್ದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಹಾಗಾಗಿ ಅದು ಹೇಳುವುದು ಜೀವವಿದ್ದದ್ದರ ಕಾಲವನ್ನು ಮಾತ್ರ. ಗೋರಿಯೊಳಗೆ ಇದ್ದಿಲು ಸಿಕ್ಕರೆ ಮಾತು ಬೇರೆ.

1940ರಲ್ಲಿ ಮಾರ್ಟಿನ್ ಕಾಮೆನ್ ಮತ್ತು ಸ್ಯಾಮ್ ರೂಬೆನ್ ಬರ್ಕ್ಲಿಯಲ್ಲಿ ಇಂಗಾಲ-14ನ್ನು ಪತ್ತೆ ಮಾಡಿದರು. ವಿಶ್ವಕಿರಣಗಳಿಂದ ಅದು ಗಾಳಿಯಲ್ಲಿ ಸದಾ ಹುಟ್ಟುತ್ತಾ ಜೀವಿಗಳನ್ನು ಸೇರುತ್ತಿರಬೇಕು ಎಂದು ಷಿಕಾಗೊ ವಿಶ್ವವಿದ್ಯಾಲಯದ ವಿಲ್ಲರ್ಡ್ ಲಿಬ್ಬಿ 1946ರಲ್ಲಿ ತರ್ಕಿಸಿದರು. ಬಾಲ್ಟಿಮೋರ್ ನಗರದ ಚರಂಡಿ ಕೊಳಚೆಯ ಮೀಥೇನ್‌ನಲ್ಲಿ ಅದು ಸಿಕ್ಕಿತು. ಬಹಳ ಹಳೆಯದಾದ ಪೆಟ್ರೋಲಿಯಂನಿಂದ ಬಂದ ಮೀಥೇನ್‌ನಲ್ಲಿ ಸಿಗಲಿಲ್ಲ.

ಕಷ್ಟವಿದ್ದದ್ದು ಎಣಿಕೆಯಲ್ಲಿ. ಇಂದಿನ ಜೀವಿಯ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಸುಮಾರು 14 ಪರಮಾಣುಗಳು ಮಾತ್ರ ಒಡೆಯುತ್ತವೆ. ಬರಿಯ ಎಣಿಕೆ ಯಂತ್ರವೋ ಹೊರಗಿನ ವಿಕಿರಣದಿಂದಲೇ ನಿಮಿಷಕ್ಕೆ ನೂರಾರು ಬಾರಿ ಮಿಡಿಯುತ್ತದೆ. ಆಷಾಢದ ಮಳೆಯಲ್ಲಿ ತಗಡಿನ ಮಾಡಿನಡಿ ಕುಳಿತು ಗೋಡೆ ಗಡಿಯಾರದ ಸದ್ದನ್ನು ಎಣಿಸಿದಂತೆ! ಲಿಬ್ಬಿ ತಂಡ ಯಂತ್ರಕ್ಕೆ ಎಂಟು ಇಂಚು ದಪ್ಪದ ಕಬ್ಬಿಣದ ಕವಚ ಕಟ್ಟಿತು. ಅದನ್ನೂ ತೂರಿ ಬರುವ ಕಿರಣಗಳಿಗಾಗಿ ಸುತ್ತಲೂ ವಿಕಿರಣ ಗುರುತಿಸುವ ಗೈಗರ್ ಕೊಳವೆಗಳ ಬೇಲಿ ಹಾಕಿತು: ಬೇಲಿಯೂ ನಡುವಿನ ಯಂತ್ರವೂ ಒಟ್ಟಿಗೆ ಮಿಡಿದರೆ ಆ ಮಿಡಿತ ಲೆಕ್ಕಕ್ಕಿಲ್ಲ. ಹಿನ್ನೆಲೆಯ ಗದ್ದಲ ನಿಮಿಷಕ್ಕೆ ಸುಮಾರು ಐದಕ್ಕೆ ಇಳಿಯಿತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ಹಾಗೆಂದು ಅವರು ನೇರವಾಗಿ ಅಜ್ಞಾತ ವಸ್ತುಗಳಿಗೆ ಕೈ ಹಾಕಲಿಲ್ಲ. ಈಜಿಪ್ಟಿನ ಜೋಸರ್ ದೊರೆಯ ಗೋರಿಯ ಮರದಂತಹ, ವಯಸ್ಸು ಮೊದಲೇ ಗೊತ್ತಿದ್ದ ವಸ್ತುಗಳನ್ನು ಅಳೆದು, ಜೇಮ್ಸ್ ಅರ್ನಾಲ್ಡ್ ಮತ್ತು ಲಿಬ್ಬಿ 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ರೆಡ್‌ವುಡ್ ಮರದ ಒಳ ಉಂಗುರಗಳೂ ಪರೀಕ್ಷೆಯಲ್ಲಿದ್ದವು. ಇಲ್ಲೊಂದು ಎಚ್ಚರ ಬೇಕು: ಕೊಡವರ ಹಳೆಯ ಕುಲಮನೆಯಾದ ಐನ್‌ಮನೆಯ ಮರದ ಕಂಬದ ತಿರುಳನ್ನು ಅಳೆದರೆ ಸಿಗುವುದು ಆ ಉಂಗುರ ಬೆಳೆದ ಕಾಲ, ಮನೆ ಕಟ್ಟಿದ ವರ್ಷವಲ್ಲ.

ಮೊದಲಿಗೆ ಮಾದರಿಯನ್ನು ಮಸಿಯಂತಹ ಇಂಗಾಲವಾಗಿಸಿ ಎಣಿಕೆ ಯಂತ್ರದ ಕೊಳವೆಯ ಒಳಗೋಡೆಗೆ ಬಳಿಯುತ್ತಿದ್ದರು. ಅಣುಬಾಂಬ್ ಪರೀಕ್ಷೆಗಳ ವಿಕಿರಣಶೀಲ ಧೂಳು ಆ ಮಸಿಗೆ ಅಂಟತೊಡಗಿದಾಗ ಮಾದರಿಯನ್ನು ಅನಿಲವಾಗಿಸಿ ಎಣಿಸುವುದೇ ಮೇಲಾಯಿತು. 1960ರಲ್ಲಿ ಲಿಬ್ಬಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಅದೇ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ನಮ್ಮ ದೇಶದ ಪ್ರಾಚೀನ ನೆಲೆಗಳ ಇದ್ದಿಲನ್ನು ಅಳೆಯಿತು. ತುಂಗಭದ್ರೆಯ ದಂಡೆಯ ಹಳ್ಳೂರಿನ ಮಾದರಿಗಳೂ ಅಲ್ಲಿಗೆ ಹೋದವು. ವರದಿಯಲ್ಲಿ ‘ಟಿಎಫ್’ ಅಕ್ಷರಗಳಿದ್ದರೆ ಅಳತೆ ಟಾಟಾ ಪ್ರಯೋಗಾಲಯದ್ದು. ‘ಇಂದಿನಿಂದ ಹಿಂದೆ’ ಎಂದು ಬರೆದಿದ್ದರೆ ಆ ‘ಇಂದು’ 1950ನೇ ಇಸವಿ.