ರೆಕ್ಕೆಯ ಮೇಲಿನ ಬರೆ

ಭತ್ತದ ಗದ್ದೆಯ ಬದುವಿನಲ್ಲಿ ತೆಗೆದ ಕಂದು ಚಿಟ್ಟೆಯ ಫೋಟೊ ಒಂದನ್ನು ಬಲ್ಲವರ ಮುಂದೆ ಇಟ್ಟು ನೋಡಿ. ಒಬ್ಬರು ಸ್ಮಾಲ್ ಬ್ರ್ಯಾಂಡೆಡ್ ಸ್ವಿಫ್ಟ್ ಅನ್ನುತ್ತಾರೆ. ಇನ್ನೊಬ್ಬರು ರೈಸ್ ಸ್ವಿಫ್ಟ್ ಅನ್ನುತ್ತಾರೆ. ಎರಡೂ ಸ್ಕಿಪ್ಪರ್ ಅನ್ನುವ ಚಿಟ್ಟೆ ಕುಟುಂಬದವೇ. ಮೂರನೆಯವರು ಬಂದು ‘ರೆಕ್ಕೆ ಮುಚ್ಚಿದೆ, ಬ್ರ್ಯಾಂಡ್ ಕಾಣ್ತಿಲ್ವಲ್ಲ’ ಅಂದರೆ ಮುಗೀತು. ಆಮೇಲೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಬ್ರ್ಯಾಂಡ್ ಅಂದರೆ ಗಂಡಿನ ಮುಂದಿನ ರೆಕ್ಕೆಯ ಮೇಲ್ಬದಿಯಲ್ಲಿ ಓರೆಯಾಗಿರುವ ಸಣ್ಣ ಗೆರೆ. ದನಕ್ಕೆ ಬರೆ ಹಾಕ್ತಾರಲ್ಲ, ಇಂಗ್ಲಿಷಿನಲ್ಲಿ ಅದಕ್ಕೂ ಇದೇ ಪದ. ಇದರ ಇನ್ನೊಂದು ಹೆಸರು ಸ್ಟಿಗ್ಮಾ. ಗ್ರೀಕಿನಲ್ಲಿ ಅದೂ ಮೈಮೇಲೆ ಚುಚ್ಚಿದ ಗುರುತೇ. ಹೆಸರಿಟ್ಟವರ ಕಣ್ಣಿಗೆ ಬಿದ್ದದ್ದು ಗುರುತು. ಚಿಟ್ಟೆಗೆ ಅದು ಅತ್ತರಿನ ಡಬ್ಬಿ. ಗೊಂದಲ ಶುರುವಾದದ್ದೇ ಇಲ್ಲಿಂದ ಅಂತ ನನಗನ್ನಿಸುತ್ತದೆ.

ವಿಚಿತ್ರ ಅಂದರೆ, ಇದು ವಾಸನೆಯ ಅಂಗ ಅನ್ನುವುದು ಹಳೇ ಸುದ್ದಿ. ಚಿಟ್ಟೆಯ ರೆಕ್ಕೆ ಮುಟ್ಟಿದರೆ ಕೈಗೆ ಅಂಟುವ ಪುಡಿಯೇ ಹುರುಪೆ. ಗಂಡು ಚಿಟ್ಟೆಗಳಿಗೆ ಮಾತ್ರ ಇರುವ ವಿಶೇಷ ಹುರುಪೆಗಳನ್ನು ಫ್ರಾನ್ಸಿನ ಬರ್ನಾರ್-ದೆಶಾಂ 1835ರಲ್ಲೇ ವಿವರಿಸಿದ್ದರು. 1870ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ಫ್ರಿಟ್ಜ್ ಮ್ಯೂಲರ್, ಇವು ವಾಸನೆ ಹರಡುವ ಹುರುಪೆಗಳು ಅಂತ ಬರೆದರು. ಅವರ ಉಪಕರಣ ಬಹಳ ಸರಳ: ಸ್ವಂತ ಮೂಗು. ಹೂವು ಮೂಸಿದ ಹಾಗೆ ಚಿಟ್ಟೆಗಳನ್ನು ಮೂಸಿ ನೋಡುತ್ತಿದ್ದರು. 1877ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸ್ಕಡರ್ ಈ ಹುರುಪೆಗಳಿಗೆ ಆಂಡ್ರೊಕೋನಿಯಾ ಅಂತ ಹೆಸರಿಟ್ಟರು. ಅಂದರೆ ‘ಗಂಡಿನ ಧೂಳು’.

ಸ್ಕಿಪ್ಪರ್‌ಗಳಲ್ಲಿ ಈ ಧೂಳು ಇಡುವ ಜಾಗಗಳು ಒಂದೆರಡಲ್ಲ. ಹುಲ್ಲಿನ ಜಾತಿಯ ಗಿಡಗಳನ್ನು ತಿಂದು ಬೆಳೆಯುವ ಗುಂಪಿನಲ್ಲಿ ಬರೆ ಜಾಸ್ತಿ. ಇನ್ನೊಂದು ಗುಂಪಿನಲ್ಲಿ ಮುಂದಿನ ರೆಕ್ಕೆಯ ಅಂಚು ಸೀರೆಯ ಅಂಚಿನಂತೆ ಮಡಚಿಕೊಂಡಿರುತ್ತದೆ, ಹುರುಪೆಗಳು ಆ ಮಡಿಕೆಯೊಳಗೆ. ಕೆಲವಕ್ಕೆ ಹಿಂಗಾಲಿನಲ್ಲಿ ಕೂದಲಿನ ಕುಚ್ಚು. ಪೇಂಟ್‌ಬ್ರಷ್ ಸ್ವಿಫ್ಟ್‌ಗೆ ಆ ಹೆಸರು ಬಂದದ್ದು ಹಿಂದಿನ ರೆಕ್ಕೆಯ ಮೇಲಿರುವ ಕುಂಚದಿಂದ. ವಾಸನೆ ಸುಮ್ನೆ ಆವಿಯಾಗಬಾರದು, ಬೇಕಾದಾಗ ಮಾತ್ರ ಹೊರಗೆ ಬರಬೇಕು. ಮಡಿಕೆಗೆ ಇರುವ ಅನುಕೂಲ ಅದೇ.

ಭಾರತದ ಅಧ್ಯಾಯ ಬರೆದವರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿಗಳದ್ದು ದೊಡ್ಡ ಪಾಲು. ಈ ಕಾಲದ ಬಗ್ಗೆ ಓದುವುದೇ ಒಂದು ಖುಷಿ. ಇ. ವೈ. ವಾಟ್ಸನ್ 1893ರಲ್ಲಿ ಇಡೀ ಸ್ಕಿಪ್ಪರ್ ಕುಟುಂಬಕ್ಕೇ ಹೊಸ ವರ್ಗೀಕರಣ ಮಂಡಿಸಿದರು. 1897ರಲ್ಲಿ ಎಲ್ವಿಸ್ ಮತ್ತು ಎಡ್ವರ್ಡ್ಸ್ ಗಂಡಿನ ಜನನಾಂಗದ ಆಕಾರಕ್ಕೆ ಒತ್ತು ಕೊಟ್ಟರು. ಆಮೇಲೆ ಬಂದವರು ಬ್ರಿಗೇಡಿಯರ್ ಡಬ್ಲ್ಯು. ಎಚ್. ಇವಾನ್ಸ್. ಭಾರತದ ಚಿಟ್ಟೆಗಳನ್ನು ಗುರುತಿಸುವ ಅವರ ಪುಸ್ತಕ 1927ರದ್ದು. ಯುರೋಪ್, ಏಷ್ಯಾ, ಆಸ್ಟ್ರೇಲಿಯಾಗಳ ಸ್ಕಿಪ್ಪರ್ ಪಟ್ಟಿ 1949ರದ್ದು. ಬರೆ ಇದೆಯೇ, ಇಲ್ಲವೇ? ಇದ್ದರೆ ಎಲ್ಲಿ, ಎಷ್ಟು ಉದ್ದ? ಹೀಗೆ ಪ್ರಶ್ನೆಯಿಂದ ಪ್ರಶ್ನೆಗೆ ಕವಲೊಡೆಯುತ್ತಾ ಹೋಗಿ ಚಿಟ್ಟೆಯ ಗುರುತು ಹಿಡಿಸುವ ಅವರ ‘ಕೀಲಿ’ಗಳನ್ನು ಇವತ್ತಿಗೂ ಬಳಸುತ್ತೇವೆ. ನಮ್ಮ ಪಶ್ಚಿಮ ಘಟ್ಟದ ಒಂದು ಚಿಟ್ಟೆಯ ಹೆಸರೇ ತೊರೆಸ್ಸಾ ಆಸ್ಟಿಗ್ಮಾಟಾ, ಅಂದರೆ ಬರೆ ಇಲ್ಲದ್ದು. 1890ರಲ್ಲಿ ಇಟ್ಟ ಹೆಸರು. ಏನು ಇಲ್ಲವೋ ಅದನ್ನೇ ಹೆಸರಾಗಿ ಹೊತ್ತುಕೊಂಡು ಓಡಾಡುತ್ತಿದೆ, ಪಾಪ.

ಕೀಲಿ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೆ ನೋಡಿ ಪ್ರಭೇದ ಬೇರೆ ಮಾಡುವುದು ಒಂದು, ಅದನ್ನೇ ನೆಚ್ಚಿಕೊಂಡು ನೆಂಟಸ್ತಿಕೆ ಹೇಳುವುದು ಇನ್ನೊಂದು. ಅಮೆರಿಕದ ಕ್ಲೌಡಿವಿಂಗ್ ಚಿಟ್ಟೆಗಳನ್ನೇ ತಗೊಳ್ಳಿ. ಉತ್ತರದ ಪ್ರಭೇದದ ಗಂಡಿಗೆ ರೆಕ್ಕೆಯ ಮಡಿಕೆ ಇದೆ, ದಕ್ಷಿಣದ್ದಕ್ಕೆ ಇಲ್ಲ. ಎರಡೂ ಹತ್ತಿರದ ನೆಂಟರೇ. 2008ರಿಂದ ಈಚೆಗೆ ಡಿಎನ್‌ಎ ಆಧರಿಸಿದ ಅಧ್ಯಯನಗಳು ಒಂದರ ಹಿಂದೊಂದು ಬಂದವು. ಹಳೆಯ ಕುಲಗಳು ಒಡೆದವು, ಕೆಲವು ಕೂಡಿಕೊಂಡವು, ಹೆಸರುಗಳು ಬದಲಾದವು. ಹಳೇ ಪುಸ್ತಕ ಹಿಡಿದವರಿಗೂ ಹೊಸ ಪಟ್ಟಿ ಹಿಡಿದವರಿಗೂ ಈಗ ಹೊಂದಿಕೆಯಾಗದಿರುವುದು ಇದರಿಂದಲೇ.

ಇಷ್ಟೆಲ್ಲದರ ನಡುವೆ ಮ್ಯೂಲರ್ ಮೂಗು ಮೂಲೆಗೆ ಸರಿಯಿತು. ಗೆರೆಯನ್ನು ಅಳೆದವರು ಸಾಕಷ್ಟು ಜನ, ಮೂಸಿದವರು ಕಡಿಮೆ. ಮೂಸಿದವರ ಪೈಕಿ ನೆನೆಯಬೇಕಾದ ಕೆಲಸ ಕೆನಡಾದ್ದು. ಯುರೋಪಿಯನ್ ಸ್ಕಿಪ್ಪರ್ ಅನ್ನುವ ಕಿತ್ತಳೆ ಬಣ್ಣದ ಪುಟ್ಟ ಚಿಟ್ಟೆ 1910ರಲ್ಲಿ ಒಂಟಾರಿಯೊದಲ್ಲಿ ಕಾಣಿಸಿಕೊಂಡು, ಮೇವಿನ ಹುಲ್ಲಿಗೆ ಪೀಡೆಯಾಗಿ ಬೆಳೆದಿತ್ತು. ಅದರ ಕೂಡುವಿಕೆಯಲ್ಲಿ ಬರೆಗೆ ಏನು ಕೆಲಸ ಅಂತ ಪಿವ್ನಿಕ್ ಮತ್ತು ಸಂಗಡಿಗರು ಹುಡುಕಿದರು. ಗಂಡು ವಾಸನೆ ಬೀರಿ ಹೆಣ್ಣನ್ನು ಒಲಿಸಿಕೊಳ್ಳುತ್ತದೆ ಅನ್ನುವುದಕ್ಕೆ 1992ರಲ್ಲಿ ಪುರಾವೆ ಕೊಟ್ಟರು. ಮ್ಯೂಲರ್ ಬರೆದು ಅಷ್ಟು ಹೊತ್ತಿಗೆ ನೂರು ವರ್ಷ ದಾಟಿತ್ತು.

ಮತ್ತೆ ಗದ್ದೆಯ ಬದುವಿಗೆ ಬರೋಣ. ಬೆಳಗಿನ ಬಿಸಿಲಿಗೆ ಮೈಯೊಡ್ಡುವಾಗ ಸ್ವಿಫ್ಟ್‌ಗಳು ಹಿಂದಿನ ರೆಕ್ಕೆ ಚಪ್ಪಟೆ ಹಾಸಿ, ಮುಂದಿನದನ್ನು ಅರ್ಧ ಎತ್ತಿ, ಥೇಟ್ ಜೆಟ್ ವಿಮಾನದ ಹಾಗೆ ಕೂರುತ್ತವೆ. ಆಗ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಬರೆ ಕಂಡರೆ ರೈಸ್ ಸ್ವಿಫ್ಟ್ ಅಲ್ಲ, ಅದರ ಗಂಡಿಗೆ ಬರೆಯೇ ಇಲ್ಲ. ಬರೆ ಕಾಣದಿದ್ದರೆ ಅದು ಹೆಣ್ಣೂ ಆಗಿರಬಹುದು. ಆಗ ಬರೀ ‘ಸ್ವಿಫ್ಟ್’ ಅಂತ ಬರೆದುಕೊಂಡು ಕಾಫಿಗೆ ಹೋಗುವುದೇ ವಾಸಿ.