ಹರೆಯದ ಪ್ರೀತಿಯ ಸಿನಿಮಾಗಳಲ್ಲಿ ಜಾತಿ ಎಲ್ಲಿ ಹೋಗಿತ್ತು?

ಹರೆಯದ ಪ್ರೀತಿಯ ಹಿಂದಿ ಸಿನಿಮಾಗಳಲ್ಲಿ ಹೆಚ್ಚಾಗಿ ಅಡ್ಡ ಬರುತ್ತಿದ್ದುದು ದುಡ್ಡು, ಇಲ್ಲವೇ ಹಳೇ ಹಗೆ. 1973ರ ‘ಬಾಬಿ’ಯಲ್ಲಿ ಹುಡುಗ ಶ್ರೀಮಂತ, ಹುಡುಗಿ ಗೋವಾದ ಕ್ರೈಸ್ತ ಮೀನುಗಾರನ ಮಗಳು. 1988ರ ‘ಕಯಾಮತ್ ಸೆ ಕಯಾಮತ್ ತಕ್’ನಲ್ಲಿ ಎರಡು ಠಾಕೂರ್ ಮನೆಗಳ ಜಗಳ. ನಮ್ಮ ಊರುಗಳಲ್ಲಿ ಮಕ್ಕಳ ಪ್ರೀತಿಗೆ ಹಿರಿಯರು ಮೊದಲು ಕೇಳುವ ಪ್ರಶ್ನೆ ‘ಯಾವ ಜನ?’ ಅಂತ, ಅಲ್ವಾ? ಆ ಪ್ರಶ್ನೆ ಮಾತ್ರ ತೆರೆಯ ಮೇಲೆ ಅಪರೂಪವಾಗಿತ್ತು.

ಮೊದಲಿನಿಂದಲೂ ಹೀಗೇ ಇತ್ತು ಅಂತಲ್ಲ. 1936ರಲ್ಲೇ ಬಾಂಬೆ ಟಾಕೀಸ್ ‘ಅಛೂತ್ ಕನ್ಯಾ’ ಮಾಡಿತ್ತು. ಬ್ರಾಹ್ಮಣ ಹುಡುಗ, ದಲಿತ ಹುಡುಗಿ. ಆ ಹುಡುಗಿಯಾಗಿ ನಟಿಸಿದ್ದು ದೇವಿಕಾ ರಾಣಿ. ಮುಂದೆ ಬೆಂಗಳೂರಿನ ತಾತಗುಣಿ ಎಸ್ಟೇಟ್‌ನಲ್ಲಿ ಬಾಳಿದರಲ್ಲ, ಅವರೇ. ಕತೆ ದಿಟ್ಟದ್ದು. ಆದರೆ ಅದನ್ನು ಹೇಳಿದವರು ಕೇರಿಯವರಲ್ಲ. ಕೊನೆಗೆ ಸಾಯುವುದೂ ಹುಡುಗಿಯೇ.

ನಿಜವಾದ ತಿರುವು ಬಂದದ್ದು ಮರಾಠಿಯಲ್ಲಿ, ನಾಗರಾಜ ಮಂಜುಳೆ ಅವರಿಂದ. ಸೋಲಾಪುರ ಜಿಲ್ಲೆಯ ಕರಮಾಳ ತಾಲ್ಲೂಕಿನವರು. ವಡಾರ್ ಸಮುದಾಯದವರು, ನಮ್ಮಲ್ಲಿ ಭೋವಿ ಎನ್ನುತ್ತೇವೆ. 2013ರ ‘ಫಂಡ್ರಿ’ಯ ಜಬ್ಯಾ ಶಾಲೆಗೆ ಹೋಗುವ ಹುಡುಗ. ಮೇಲ್ಜಾತಿಯ ಶಾಲೂ ಮೇಲೆ ಮನಸ್ಸು. ಅವಳ ಎದುರೇ ಅವನು ಮನೆಯವರ ಜೊತೆ ಹಂದಿ ಹಿಡಿಯಬೇಕಾಗುತ್ತದೆ. ಸುತ್ತ ನಿಂತವರು ನಗುತ್ತಾರೆ, ಅವಳೂ ನಗುತ್ತಾಳೆ. ಆ ದೃಶ್ಯ ನೋಡುವಾಗ ನನಗೆ ಸೀಟಿನಲ್ಲಿ ಕೂರಲು ಆಗಲಿಲ್ಲ. ಅವಮಾನವನ್ನು ದೂರದಿಂದ ಕಂಡವರು ಹಾಗೆ ತೆಗೆಯಲಾರರು.

2016ರ ‘ಸೈರಾಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಲ್ಲಿ ಹಾಡಿದೆ, ಕುಣಿತವಿದೆ, ಬಾವಿಗೆ ಹಾರುವ ಹುಡುಗರಿದ್ದಾರೆ. ಪಾಟೀಲರ ಮಗಳು ಆರ್ಚಿ ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ. ಮೀನುಗಾರನ ಮಗ ಪರ್ಶ್ಯಾನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವವಳು ಅವಳೇ. ನಟಿಸಿದ ರಿಂಕು ರಾಜಗುರು ಅದೇ ಜಿಲ್ಲೆಯ ಅಕಲೂಜಿನ ಶಾಲಾ ಹುಡುಗಿ. ತರಗತಿಯಲ್ಲಿ ಆರ್ಚಿಯ ತಮ್ಮ ದಲಿತ ಮೇಷ್ಟ್ರ ಕೆನ್ನೆಗೆ ಹೊಡೆದರೆ, ಅಪ್ಪ ಅದನ್ನು ದೊಡ್ಡದು ಮಾಡುವುದೇ ಇಲ್ಲ. ಜಾತಿ ಹೇಗೆ ನಡೆಯುತ್ತದೆ ಅಂತ ತೋರಿಸಲು ಅಷ್ಟು ಸಾಕು. ಇದೇ ಸಿನಿಮಾ ನೂರು ಕೋಟಿ ದಾಟಿದ ಮೊದಲ ಮರಾಠಿ ಚಿತ್ರವಾಯಿತು. ಜಾತಿಯ ಮಾತೆತ್ತಿದರೆ ಜನ ಬರಲ್ಲ ಅನ್ನುವ ನೆಪ ಅಲ್ಲಿಗೆ ಬಿದ್ದುಹೋಯಿತು.

ರೀಮೇಕ್‌ಗಳು ಸಾಲಾಗಿ ಬಂದವು. ಕನ್ನಡದಲ್ಲಿ 2017ರ ‘ಮನಸು ಮಲ್ಲಿಗೆ’, ನಿರ್ದೇಶನ ಎಸ್. ನಾರಾಯಣ್, ನಾಯಕಿ ಮತ್ತೆ ರಿಂಕು. ಮದುರೆಯ ಮೆಕ್ಯಾನಿಕ್ ಹುಡುಗನ ಜಾತಿ ಮೀರಿದ ಪ್ರೀತಿಯ ಕತೆಯಾದ ತಮಿಳಿನ ‘ಕಾದಲ್’ ಅನ್ನು 2007ರಲ್ಲಿ ‘ಚೆಲುವಿನ ಚಿತ್ತಾರ’ವಾಗಿ ತಂದವರೂ ನಾರಾಯಣ್ ಅವರೇ. ಸೋಲಾಪುರ ನಮ್ಮ ವಿಜಯಪುರಕ್ಕೆ ಅಂಟಿಕೊಂಡೇ ಇದೆ. ಆದರೂ ಇಂಥ ಕತೆಗಳನ್ನು ನಾವು ಪಕ್ಕದ ಭಾಷೆಗಳಿಂದ ತರಿಸಿಕೊಂಡೆವು ಅನ್ನುವುದು ನನಗೆ ನೋವಿನ ವಿಷಯ.

‘ಸೈರಾಟ್’ನ ಹಿಂದಿ ರೀಮೇಕ್ ‘ಧಡಕ್’ 2018ರಲ್ಲಿ ಬಂತು. ಕತೆ ಉದಯಪುರದ ಅರಮನೆಗೆ ಹೋಯಿತು, ಜಾತಿ ಮಸುಕಾಯಿತು. ಅದೇ ವರ್ಷ ತಮಿಳಿನಲ್ಲಿ ಮಾರಿ ಸೆಲ್ವರಾಜ್ ‘ಪರಿಯೇರುಂ ಪೆರುಮಾಳ್’ ಮಾಡಿದರು. ಲಾ ಕಾಲೇಜಿಗೆ ಸೇರುವ ದಲಿತ ಹುಡುಗ ಅಲ್ಲಿ ನಾಯಕ. ಆ ಕತೆ 2025ರಲ್ಲಿ ‘ಧಡಕ್ 2’ ಆಗಿ ಹಿಂದಿಗೆ ಬಂದಾಗ ಜಾತಿಯನ್ನು ಮುಚ್ಚಿಡಲಿಲ್ಲ. ಆದರೆ ನಾಯಕ ನಟನ ಮೈಬಣ್ಣವನ್ನು ಮೇಕಪ್‌ನಿಂದ ಕಪ್ಪಾಗಿಸಿದ್ದಾರೆ ಅನ್ನುವ ಟೀಕೆ ಬಂತು. ನ್ಯಾಯವಾದ ಟೀಕೆಯೇ. ಮಂಜುಳೆಗೆ ತಮ್ಮ ಜಿಲ್ಲೆಯಲ್ಲೇ ಸಿಕ್ಕಂಥ ಮುಖಗಳು ಮುಂಬೈಯವರಿಗೆ ಯಾಕೆ ಸಿಗುವುದಿಲ್ಲ?