ಬೆಂಗ್ರೆ, ಕೋಡಿ, ಕುದ್ರು: ಅಳಿವೆ ಬದಿಯ ಊರ ಹೆಸರುಗಳು

ಮಂಗಳೂರಿನ ಹಳೆ ಬಂದರಿನೆದುರು, ಫಲ್ಗುಣಿ ಹೊಳೆಯ ಆಚೆ ದಡದಲ್ಲಿ ಕಸಬಾ ಬೆಂಗ್ರೆ, ತೋಟ ಬೆಂಗ್ರೆಗಳಿವೆ. ಉಡುಪಿಯ ಹತ್ತಿರ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಬಾಯಲ್ಲಿ, ಅಂದರೆ ಅಳಿವೆಯಲ್ಲಿ, ಕೋಡಿ ಬೆಂಗ್ರೆ ಇದೆ. ದೋಣಿಯಲ್ಲಿ ದಾಟಿ ಬಂದ ಪ್ರವಾಸಿಗರು ಇವನ್ನು ದ್ವೀಪವೆಂದೇ ತಿಳಿಯುತ್ತಾರೆ. ಆದರೆ ಬೆಂಗ್ರೆ ದ್ವೀಪವಲ್ಲ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಹೊಳೆ ಇದ್ದು, ಒಂದು ಕೊನೆ ನೆಲಕ್ಕೆ ಅಂಟಿಕೊಂಡೇ ಇರುವ ಮರಳ ಪಟ್ಟಿ. ಕೋಡಿ ಬೆಂಗ್ರೆಗೆ ಕೆಮ್ಮಣ್ಣು, ಹೂಡೆ ಮಾರ್ಗವಾಗಿ ರಸ್ತೆಯಲ್ಲೇ ಹೋಗಬಹುದು.

ಘಟ್ಟದಿಂದ ಧುಮುಕಿ ಬಂದ ಹೊಳೆ ಬಯಲಿಗಿಳಿದ ಮೇಲೆ ನಿಧಾನವಾಗುತ್ತದೆ. ಅಲೆಗಳು ದಡದುದ್ದಕ್ಕೂ ಮರಳು ಪೇರಿಸಿ ದಾರಿಗೆ ಅಡ್ಡ ಹಾಕುತ್ತವೆ. ಹೊಳೆ ಆ ದಿಣ್ಣೆಯ ಹಿಂದೆಯೇ ತಿರುಗಿ, ಸಂದು ಸಿಗುವವರೆಗೆ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಮರವಂತೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಸೌಪರ್ಣಿಕಾ ಕಡಲಿನ ತೀರ ಹತ್ತಿರ ಬಂದು, ನಡುವೆ ಹೆದ್ದಾರಿಯಷ್ಟು ಜಾಗ ಬಿಟ್ಟು, ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ.

ಎರಡೂ ಕಡೆ ಉಪ್ಪುನೀರಿದ್ದರೂ ಬೆಂಗ್ರೆಯ ಬಾವಿಯಲ್ಲಿ ಸಿಹಿನೀರು ಸಿಗುವುದುಂಟು. ಮಳೆನೀರು ಹಗುರವಾದ್ದರಿಂದ ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಲೆಕ್ಕದ ಪ್ರಕಾರ ಬಾವಿಯ ನೀರು ಕಡಲಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರಿನ ಪದರವಿರುತ್ತದೆ. ತೊಂದರೆಯಿರುವುದೂ ಈ ಲೆಕ್ಕದಲ್ಲೇ: ಪಂಪು ಹಾಕಿ ನೀರುಮಟ್ಟವನ್ನು ಅರ್ಧ ಅಡಿ ಇಳಿಸಿಟ್ಟರೆ, ಕೆಳಗಿನ ಉಪ್ಪುನೀರು ಕ್ರಮೇಣ 20 ಅಡಿ ಮೇಲೇರುತ್ತದೆ. ಆದ್ದರಿಂದ ಇಲ್ಲಿ ಆಳವಿಲ್ಲದ ಅಗಲ ಬಾವಿಯೇ ವಾಸಿ. ನೀರು ಸಾಲದೆಂದು ಬೋರ್‌ವೆಲ್ ಕೊರೆಸುವುದು ಉಪ್ಪುನೀರನ್ನು ಕರೆದಂತೆ.

ಬಯಲುಸೀಮೆಯವರಿಗೆ ಕೋಡಿಯೆಂದರೆ ಕೆರೆ ತುಂಬಿ ಹರಿಯುವ ಜಾಗ. ಅಳಿವೆ ಬದಿಯಲ್ಲಿ ಅದು ಮರಳ ಪಟ್ಟಿಯ ತುದಿ. ಧನುಷ್ಕೋಡಿಯ ಕೋಡಿಯೂ ಇದೇ ಅರ್ಥದ್ದು. ಕುಂದಾಪುರದ ಕೋಡಿ, ಹೆಜಮಾಡಿ ಕೋಡಿ, ಕೋಡಿ ಕನ್ಯಾನ ಎಲ್ಲವೂ ಹೊಳೆ ಬಾಯಿಗೆ ಅಂಟಿದ ಊರುಗಳೇ. ತುದಿ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲದ ನೆರೆ ಅಳಿವೆಯನ್ನು ಅಗಲ ಮಾಡುತ್ತದೆ. ನೆರೆಯ ಸೆಳೆತ ತಗ್ಗಿದ ಮೇಲೆ ಅಲೆಗಳು ಮರಳನ್ನು ಮತ್ತೆ ಬಾಯಿಗೆ ತಂದು ತುಂಬುತ್ತವೆ. ಇಳಿತದ ಹೊತ್ತಿಗೆ ಬಂದ ಬೋಟು ತಳ ತಾಗಿ ನಿಲ್ಲುವುದು ಆಗಲೇ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ನಿನ್ನೆ ಒಳಬಂದ ಹೊತ್ತಿಗೇ ಇವತ್ತೂ ಬರಬಹುದೆಂದು ನೆಚ್ಚಿಕೊಳ್ಳುವಂತಿಲ್ಲ.

ನಿಜವಾದ ದ್ವೀಪ ಕುದ್ರು: ಹೊಳೆ ಕವಲೊಡೆದು ನಡುವೆ ಬಿಟ್ಟ ನೆಲ. ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಕುಂದಾಪುರದ ಹತ್ತಿರದ್ದು. ಉತ್ತರ ಕನ್ನಡದಲ್ಲಿ ಇಂಥ ನೆಲಕ್ಕೆ ಕುರ್ವೆ ಎನ್ನುತ್ತಾರೆ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆ ಹಾಗೆ ಬಂದವು.

ಊರ ಹೆಸರಿನ ಮುಂದಿರುವ ಪಡು, ಮೂಡು, ತೆಂಕ, ಬಡಗ ಬೇರೆ ಜಾತಿಯವು, ಬರಿಯ ದಿಕ್ಕು. ಸೂರ್ಯ ಮೂಡುವುದು ಮೂಡು, ಪಡುವುದು ಪಡು. ಕಡಲಬದಿಯ ಪಡುತೋನ್ಸೆ, ಅದರ ಪೂರ್ವಕ್ಕೆ ಮೂಡುತೋನ್ಸೆ; ತೆಂಕ ಎರ್ಮಾಳು, ಬಡಾ ಎರ್ಮಾಳು ಇನ್ನೊಂದು ಜೋಡಿ. ಪಡು ಎಂದಿದ್ದಲ್ಲೆಲ್ಲ ಕಡಲು ಹುಡುಕಬೇಡಿ: ಪಡುಬೆಳ್ಳೆ ಇರುವುದು ಒಳನಾಡಿನಲ್ಲೇ, ಮೂಡುಬೆಳ್ಳೆಯ ಪಶ್ಚಿಮಕ್ಕೆ.